ಲೆಕ್ಕಕ್ಕೆ ಸೇರದ ಹತ್ತು ವರ್ಷ

ಅಮೆರಿಕದ ಕಾಲೇಜು ಕ್ರೀಡೆಯ ದಾಖಲೆಗಳಲ್ಲಿ ಜೆರಿ ಯೇಗ್ಲಿ ಎಂಬ ಹೆಸರಿನ ಮುಂದೆ ಮೂರು ಅಂಕಿಗಳಿವೆ. ಗೆಲುವು 544, ಸೋಲು 101, ಸಮ 45. ಇಂಡಿಯಾನಾ ವಿಶ್ವವಿದ್ಯಾನಿಲಯದ ಗಂಡಸರ ಕಾಲ್ಚೆಂಡು ತಂಡದ ತರಬೇತುದಾರರಾಗಿ ಅವರು ಗಳಿಸಿದ ಲೆಕ್ಕ ಇದು. ಈ ಅವಧಿಯಲ್ಲಿ ಆ ತಂಡ ಆರು ಸಲ ರಾಷ್ಟ್ರದ ಕಾಲೇಜು ಪ್ರಶಸ್ತಿಯನ್ನು ಗೆದ್ದಿತು. ಲೆಕ್ಕ ಪ್ರಾರಂಭವಾಗುವುದು 1973ರಿಂದ, ಮುಗಿಯುವುದು 2003ಕ್ಕೆ. ಆದರೆ ಯೇಗ್ಲಿಯವರು ಬ್ಲೂಮಿಂಗ್ಟನ್ ಎಂಬ ಆ ವಿದ್ಯಾನಗರಕ್ಕೆ ಬಂದದ್ದು 1973ರಲ್ಲಲ್ಲ, 1963ರಲ್ಲಿ. ನಡುವಣ ಹತ್ತು ವರ್ಷ ಅವರೇನೂ ಸುಮ್ಮನೆ ಕುಳಿತಿರಲಿಲ್ಲ. ಅದೇ ಊರಿನಲ್ಲಿ, ಅದೇ ಆಟವನ್ನು, ಅದೇ ವಿಶ್ವವಿದ್ಯಾನಿಲಯದ ಹುಡುಗರಿಗೆ ಕಲಿಸುತ್ತಿದ್ದರು. ಆ ಹತ್ತು ವರ್ಷಗಳ ಗೆಲುವಾಗಲಿ ಸೋಲಾಗಲಿ ಈ ಮೂರು ಅಂಕಿಗಳಲ್ಲಿ ಸೇರಿಲ್ಲ. ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಸೇರಿದ ಮೂವತ್ತೊಂದು ವರ್ಷಗಳನ್ನು ಕುರಿತು ಅಷ್ಟಲ್ಲ. ಸೇರದೆ ಹೊರಗುಳಿದ ಈ ಹತ್ತು ವರ್ಷಗಳನ್ನು ಕುರಿತು.

ಮೊದಲು ಹೆಸರಿನ ಗೊಂದಲವೊಂದನ್ನು ಕಳೆದುಕೊಂಡುಬಿಡೋಣ. ಫುಟ್‌ಬಾಲ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾಲಿನಿಂದ ಆಡುವ ಆಟ. ಅಮೆರಿಕನ್ನರು ಆ ಹೆಸರನ್ನು ಬೇರೊಂದಕ್ಕೆ ಕೊಟ್ಟುಬಿಟ್ಟಿದ್ದಾರೆ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ತಲೆಗೆ ಶಿರಸ್ತ್ರಾಣ, ಹೆಗಲಿಗೆ ಮೆತ್ತೆ ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆ ಆಟದಲ್ಲಿ ಚೆಂಡಿಗೆ ಕಾಲು ಸೋಕುವುದೇ ಅಪರೂಪ. ನಮ್ಮ ಕಾಲ್ಚೆಂಡಿಗೆ ಅಲ್ಲಿ ಸಾಕರ್ ಎಂದು ಹೆಸರು. ಮನೆಯ ಹೆಸರನ್ನು ದಾಯಾದಿ ತನ್ನದಾಗಿ ಬರೆಸಿಕೊಂಡ ಮೇಲೆ ಮನೆಯ ಮಗ ಹೊರಜಗಲಿಯಲ್ಲಿ ಮಲಗಿದ ಕಥೆಯಂತೆ, ಆ ದೇಶದಲ್ಲಿ ಈ ಆಟ ಬಹುಕಾಲ ಜಗಲಿಯಲ್ಲೇ ಇತ್ತು.

ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಆಟಗಳಿಗೆ ಎರಡು ಅಂತಸ್ತುಗಳಿವೆ. ಒಂದು ಅಧಿಕೃತ ತಂಡ. ಅದರ ತರಬೇತುದಾರರಿಗೆ ಸಂಬಳ, ಆಟಗಾರರಿಗೆ ವಿದ್ಯಾರ್ಥಿವೇತನ, ಉಡುಪು, ಪ್ರಯಾಣ, ವೈದ್ಯರು ಎಲ್ಲವನ್ನೂ ಕ್ರೀಡಾವಿಭಾಗ ನೋಡಿಕೊಳ್ಳುತ್ತದೆ; ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ತೆರೆದಿರುವುದು ಅದಕ್ಕೆ ಮಾತ್ರ. ಇನ್ನೊಂದು ಹವ್ಯಾಸಿ ಸಂಘ, ಅವರು ಕ್ಲಬ್ ಎನ್ನುವುದು. ಆಡಬೇಕೆಂಬ ಆಸೆಯಿರುವ ಹುಡುಗರು ತಾವೇ ಸೇರಿಕೊಂಡು, ಬಹುಮಟ್ಟಿಗೆ ತಮ್ಮ ಕೈಯಿಂದಲೇ ಹಣ ಹಾಕಿಕೊಂಡು, ಸಿಕ್ಕ ಮೈದಾನದಲ್ಲಿ ಆಡಿಕೊಳ್ಳುವ ವ್ಯವಸ್ಥೆ ಅದು. ಸೋತರೂ ಗೆದ್ದರೂ ವಿಶ್ವವಿದ್ಯಾನಿಲಯಕ್ಕೆ ಅದರಿಂದ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಯೇಗ್ಲಿಯವರ ಮೊದಲ ಹತ್ತು ವರ್ಷ ಕಳೆದದ್ದು ಈ ಎರಡನೆಯ ಅಂತಸ್ತಿನಲ್ಲಿ.

ಹೊಸ ತಂಡವೊಂದನ್ನು ಕಟ್ಟುವುದು ಎಂಥ ನೆಲದಲ್ಲಾದರೂ ಕಷ್ಟವೇ ಎಂದು ಹೇಳಿಬಿಡುವುದು ಸುಲಭ. ಹಾಗಲ್ಲ. ನೆಲ ನೆಲಕ್ಕೂ ವ್ಯತ್ಯಾಸವಿದೆ. ಅದನ್ನು ಕಾಣಬೇಕಾದರೆ ಬ್ಲೂಮಿಂಗ್ಟನ್ನಿನಿಂದ ಪಶ್ಚಿಮಕ್ಕೆ, ಮಿಸಿಸಿಪಿ ನದಿಯ ದಂಡೆಯಲ್ಲಿರುವ ಸೇಂಟ್ ಲೂಯಿಸ್ ನಗರಕ್ಕೆ ಒಮ್ಮೆ ಹೋಗಿ ಬರಬೇಕು.

ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯ ತನ್ನ ಅಧಿಕೃತ ಕಾಲ್ಚೆಂಡು ತಂಡವನ್ನು ಕಣಕ್ಕಿಳಿಸಿದ್ದು 1959ರಲ್ಲಿ. ರಾಷ್ಟ್ರೀಯ ಕಾಲೇಜು ಕ್ರೀಡಾಸಂಸ್ಥೆ, ಅಂದರೆ ಎನ್.ಸಿ.ಎ.ಎ., ಕಾಲ್ಚೆಂಡಿನ ರಾಷ್ಟ್ರೀಯ ಪಂದ್ಯಾವಳಿಯನ್ನು ಮೊಟ್ಟಮೊದಲು ನಡೆಸಿದ್ದೂ ಅದೇ ವರ್ಷ. ಎಂಟೇ ತಂಡಗಳ ಆ ಪಂದ್ಯಾವಳಿಯಲ್ಲಿ, ಹುಟ್ಟಿದ ವರ್ಷದಲ್ಲೇ, ಸೇಂಟ್ ಲೂಯಿಸ್ ತಂಡ ಅಂತಿಮ ಪಂದ್ಯದಲ್ಲಿ ಬ್ರಿಜ್‌ಪೋರ್ಟ್ ತಂಡವನ್ನು 5-2ರಿಂದ ಸೋಲಿಸಿ ಪ್ರಶಸ್ತಿಯನ್ನು ಮನೆಗೆ ತಂದಿತು. ಕಟ್ಟಿದವರು ಬಾಬ್ ಗೆಲ್ಕರ್. ಮರುವರ್ಷವೂ ಗೆದ್ದರು, 1962, 1963, 1965ರಲ್ಲಿ ಮತ್ತೆ ಗೆದ್ದರು. ಹೊಸ ತಂಡ ಕಟ್ಟುವ ಪ್ರತಿಯೊಬ್ಬ ತರಬೇತುದಾರನಿಗೂ ಇದು ನಿದ್ದೆಗೆಡಿಸುವ ಕಥೆ. ಅವರು ಒಂದೇ ವರ್ಷದಲ್ಲಿ ಮಾಡಿದ್ದನ್ನು ನೀವೇಕೆ ಮಾಡಲಾಗದು ಎಂದು ಆಡಳಿತದವರು ಕೇಳಿದರೆ ಏನು ಹೇಳುವುದು?

ಹೇಳಬೇಕಾದ್ದು ಇದು. ಗೆಲ್ಕರ್ ಅವರ ತಂಡ ಹುಟ್ಟಿದ್ದು 1959ರಲ್ಲಿ ಎಂಬುದು ಕಾಗದದ ಮಾತು. ಆ ನಗರದ ಕ್ಯಾಥೊಲಿಕ್ ಇಗರ್ಜಿಗಳ ಕೇರಿಗಳಲ್ಲಿ ಐರಿಷರ, ಜರ್ಮನರ, ಇಟಾಲಿಯನ್ನರ, ಸ್ಪೇನಿನವರ ಮಕ್ಕಳು ಅಷ್ಟು ಹೊತ್ತಿಗೆ ತಲೆಮಾರುಗಳಿಂದ ಈ ಆಟವನ್ನು ಆಡಿಕೊಂಡು ಬಂದಿದ್ದರು. ಇಗರ್ಜಿಗೊಂದು ತಂಡ, ವಯಸ್ಸಿಗೊಂದು ವರ್ಗ. ಆ ಯುವಕ ಸಂಘಟನೆಯ ಆಟಗಳನ್ನು ನೋಡಿಕೊಳ್ಳುತ್ತಿದ್ದವರು ಈ ಗೆಲ್ಕರ್ ಅವರೇ. 1950ರ ವಿಶ್ವಕಪ್ಪಿನಲ್ಲಿ, ಬ್ರೆಜಿಲಿನ ಬೆಲೊ ಹೊರಿಜಾಂಟೆ ನಗರದಲ್ಲಿ, ಅಮೆರಿಕ ಇಂಗ್ಲೆಂಡನ್ನು 1-0ಯಿಂದ ಸೋಲಿಸಿ ಜಗತ್ತನ್ನು ಬೆಕ್ಕಸಬೆರಗುಗೊಳಿಸಿತಷ್ಟೆ. ಆ ಹನ್ನೊಂದು ಜನರಲ್ಲಿ ಐವರು ಸೇಂಟ್ ಲೂಯಿಸಿನವರು. ಅವರಲ್ಲೊಬ್ಬರು ಹ್ಯಾರಿ ಕೀಓ. ಅಂಚೆ ಇಲಾಖೆಯ ನೌಕರಿ ಮಾಡಿಕೊಂಡಿದ್ದ ಈ ಮನುಷ್ಯರೇ 1967ರಲ್ಲಿ ಗೆಲ್ಕರ್ ಅವರ ಜಾಗಕ್ಕೆ ಬಂದು, ಹಗಲು ಅಂಚೆಯ ಕೆಲಸ ಮುಗಿಸಿ ಸಂಜೆ ಹುಡುಗರಿಗೆ ಆಟ ಕಲಿಸಿ, ಇನ್ನೂ ಐದು ಸಲ ಪ್ರಶಸ್ತಿಯನ್ನು ತಂದುಕೊಟ್ಟರು. ಅವುಗಳಲ್ಲಿ 1967ರದು ಮಾತ್ರ ಮಿಷಿಗನ್ ಸ್ಟೇಟ್ ತಂಡದೊಡನೆ ಹಂಚಿಕೊಂಡದ್ದು.

ಬೆಂಗಳೂರಿನ ಹಳಬರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ದಂಡುಪ್ರದೇಶದ ಆಸ್ಟಿನ್ ಟೌನ್, ಗೌತಮಪುರಗಳ ಓಣಿಗಳಲ್ಲಿ ಚೆಂಡು ಹೇಗೆ ಉರುಳುತ್ತಿತ್ತೆಂಬುದನ್ನು ಅವರು ಬಲ್ಲರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಒಂದೇ ಒಂದು ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಂಥ ಕೇರಿಯ ಪಕ್ಕದಲ್ಲಿ ಒಂದು ಕಾಲೇಜು ತಂಡ ಕಟ್ಟಬೇಕಾದರೆ ತರಬೇತುದಾರ ಕಿಟಕಿ ತೆರೆದರೆ ಸಾಕು.

ಗೆಲ್ಕರ್ ಸಾಮಾನ್ಯರೆಂದು ನಾನು ಹೇಳುತ್ತಿಲ್ಲ. ಅವರು 1967ರಲ್ಲಿ ನದಿಯ ಆಚೆ ದಡಕ್ಕೆ, ಎಡ್ವರ್ಡ್ಸ್‌ವಿಲ್ ಊರಿನ ಸದರ್ನ್ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಗೆದ್ದು ಗೆದ್ದು ಬೆಳೆದ ಮನೆಯನ್ನು ಬಿಟ್ಟು, ನಡುವಯಸ್ಸಿನಲ್ಲಿ, ಏನೂ ಇಲ್ಲದ ಕಡೆ ಮತ್ತೊಮ್ಮೆ ಅಸ್ತಿವಾರ ತೋಡಿದ ಧೈರ್ಯ ಎಲ್ಲರಿಗೂ ಬರುವುದಲ್ಲ. 1972ರಲ್ಲಿ ಆ ಹೊಸ ತಂಡ ಎರಡನೆಯ ದರ್ಜೆಯ ಪ್ರಶಸ್ತಿಯನ್ನೂ, 1979ರಲ್ಲಿ ಕ್ಲೆಮ್ಸನ್ ತಂಡವನ್ನು 3-2ರಿಂದ ಸೋಲಿಸಿ ಮೊದಲ ದರ್ಜೆಯ ಪ್ರಶಸ್ತಿಯನ್ನೂ ಗೆದ್ದಿತು. ಆದರೂ ಒಂದು ಮಾತನ್ನು ಗಮನಿಸಬೇಕು. ನದಿ ದಾಟಿದರೂ ಗೆಲ್ಕರ್ ತಮ್ಮ ಹೊಲವನ್ನು ದಾಟಿರಲಿಲ್ಲ. ಹುಡುಗರು ಬರುತ್ತಿದ್ದುದು ಬಹುಪಾಲು ಅದೇ ಸೇಂಟ್ ಲೂಯಿಸಿನ ಕೇರಿಗಳಿಂದ.

ಈಗ ಯೇಗ್ಲಿಯವರ ಕಡೆಗೆ ಬರೋಣ. ಅವರು ಪೆನ್ಸಿಲ್ವೇನಿಯಾದವರು. ಅಲ್ಲಿಯ ವೆಸ್ಟ್ ಚೆಸ್ಟರ್ ಎಂಬ ಕಾಲೇಜಿನಲ್ಲಿ ಓದಿದವರು. 1961ರಲ್ಲಿ ಆ ಕಾಲೇಜು ರಾಷ್ಟ್ರೀಯ ಅಂತಿಮ ಪಂದ್ಯಕ್ಕೆ ಬಂದಾಗ ಎದುರಿಗಿದ್ದದ್ದು, ಹಿಂದಿನ ಎರಡು ವರ್ಷವೂ ಗೆದ್ದಿದ್ದ ಗೆಲ್ಕರ್ ಅವರ ಸೇಂಟ್ ಲೂಯಿಸ್. ಆಟ ನಡೆದದ್ದೂ ಸೇಂಟ್ ಲೂಯಿಸ್ ನಗರದಲ್ಲೇ. ವೆಸ್ಟ್ ಚೆಸ್ಟರ್ 2-0ಯಿಂದ ಗೆದ್ದಿತು. ಗೆದ್ದ ತಂಡದಲ್ಲಿ ಯೇಗ್ಲಿ ಇದ್ದರು. ಹದವಾದ ಹೊಲ ಎಂಥ ಬೆಳೆ ಕೊಡುತ್ತದೆ ಎಂಬುದನ್ನು ಆ ತರುಣ ಎದುರಾಳಿಯಾಗಿ ಹತ್ತಿರದಿಂದಲೇ ಕಂಡಿದ್ದರು. ಎರಡು ವರ್ಷದ ತರುವಾಯ ಅವರು ಇಂಡಿಯಾನಾಕ್ಕೆ ಬಂದಾಗ ಅವರ ಪಾಲಿಗೆ ಬಂದ ಹೊಲವೋ ಬರಿಯ ಕಲ್ಲುನೆಲ.

ಇಂಡಿಯಾನಾ ಬಾಸ್ಕೆಟ್‌ಬಾಲಿನ ನಾಡು. ಅಲ್ಲಿ ಕಣಜದ ಗೋಡೆಗೂ ಒಂದು ಬಾಸ್ಕೆಟ್‌ಬಾಲಿನ ಬಳೆಯನ್ನು ಮೊಳೆ ಹೊಡೆದು ನಿಲ್ಲಿಸಿರುತ್ತಾರೆ. ಆ ನಾಡಿನ ಪ್ರೌಢಶಾಲೆಗಳಲ್ಲಿ ಕಾಲ್ಚೆಂಡು ಎಷ್ಟು ಅಪರಿಚಿತವಾಗಿತ್ತೆಂಬುದಕ್ಕೆ ಒಂದೇ ಸಂಗತಿಯನ್ನು ಹೇಳಿದರೆ ಸಾಕು. ಅಲ್ಲಿಯ ಪ್ರೌಢಶಾಲಾ ಕ್ರೀಡಾಸಂಸ್ಥೆ ಕಾಲ್ಚೆಂಡಿನ ರಾಜ್ಯಮಟ್ಟದ ಪಂದ್ಯಾವಳಿಯನ್ನು ಮೊದಲ ಬಾರಿಗೆ ನಡೆಸಿದ್ದು 1994ರಲ್ಲಿ! ಯೇಗ್ಲಿಯವರು ಆ ಹೊತ್ತಿಗೆ ಮೂರು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಾಗಿತ್ತು. ಇನ್ನು ವಿಶ್ವವಿದ್ಯಾನಿಲಯದ ಒಳಗೆ ನೋಡಿದರೆ, ಈಜುಗಾರರದ್ದೇ ಒಂದು ಸಾಮ್ರಾಜ್ಯ. ಜೇಮ್ಸ್ ಕೌನ್ಸಿಲ್‌ಮನ್ ಎಂಬ ಈಜು ತರಬೇತುದಾರರ ತಂಡ 1968ರಿಂದ 1973ರವರೆಗೆ ಆರು ವರ್ಷ ಬಿಡದೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು; 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಏಳು ಚಿನ್ನದ ಪದಕಗಳನ್ನು ಕೊರಳಿಗೆ ಹಾಕಿಕೊಂಡ ಮಾರ್ಕ್ ಸ್ಪಿಟ್ಜ್ ಅಲ್ಲಿಯ ವಿದ್ಯಾರ್ಥಿ. ಇಂಥ ಮನೆಯಲ್ಲಿ ಹೊಸ ಕೂಸೊಂದು ತನಗೂ ಎಲೆ ಹಾಕಿ ಎಂದರೆ ಯಾರ ಕಿವಿಗೆ ಬೀಳಬೇಕು?

ದೈಹಿಕ ಶಿಕ್ಷಣದ ಪಾಠ ಹೇಳಿಕೊಂಡು, ಬಿಡುವಿನಲ್ಲಿ ಈ ಹವ್ಯಾಸಿ ತಂಡವನ್ನು ನೋಡಿಕೊಂಡು ಯೇಗ್ಲಿಯವರು ಹತ್ತು ವರ್ಷ ಕಳೆದರು. ಹತ್ತು ವರ್ಷ ಎಂದು ಹೇಳಿಬಿಡುವುದಕ್ಕೆ ಒಂದು ಉಸಿರು ಸಾಕು. ಕಾಲೇಜಿನ ಕಾಲಮಾನದಲ್ಲಿ ಅದನ್ನು ಅಳೆದು ನೋಡಬೇಕು. ಅಲ್ಲಿ ಪದವಿಯ ಓದು ನಾಲ್ಕು ವರ್ಷದ್ದು. 1963ರಲ್ಲಿ ಸೇರಿದ ಹುಡುಗ 1967ಕ್ಕೆ ಹೊರಟುಹೋದ. 1967ರಲ್ಲಿ ಸೇರಿದವನು 1971ಕ್ಕೆ ಹೋದ. ಎಂದರೆ ಎರಡೂವರೆ ತಲೆಮಾರಿನ ಆಟಗಾರರು ಬಂದರು, ಆಡಿದರು, ಪದವಿ ಪಡೆದರು, ಹೊರಟುಹೋದರು. ಅವರಲ್ಲಿ ಯಾರೂ ವಿಶ್ವವಿದ್ಯಾನಿಲಯದ ಅಧಿಕೃತ ಆಟಗಾರರೆನಿಸಲಿಲ್ಲ. ಯಾರಿಗೂ ರಾಷ್ಟ್ರೀಯ ಪಂದ್ಯಾವಳಿಯ ಅವಕಾಶ ದೊರೆಯಲಿಲ್ಲ.

ಹೊಸ ತಂಡದ ತರಬೇತುದಾರನ ವೃತ್ತಿಯಲ್ಲಿ ನನಗೆ ಅತ್ಯಂತ ಕಠಿಣವೆಂದು ತೋರುವ ಭಾಗ ಇದೇ. ಆಟದ ತಂತ್ರವನ್ನು ಕಲಿಸಬಹುದು, ದೇಹವನ್ನು ಪಳಗಿಸಬಹುದು. ಆದರೆ ಹದಿನೆಂಟು ವರ್ಷದ ಹುಡುಗನ ಮುಂದೆ ನಿಂತು, 'ಇಲ್ಲಿ ಒಂದು ಮನೆ ಏಳುತ್ತದೆ, ಬಾ, ಕಲ್ಲು ಹೊರು. ಗೃಹಪ್ರವೇಶದ ಹೊತ್ತಿಗೆ ನೀನು ಇಲ್ಲಿರುವುದಿಲ್ಲ' ಎಂದು ಹೇಳುವುದು ಹೇಗೆ? ಬಾಯಿಬಿಟ್ಟು ಹೀಗೆ ಹೇಳುವವರು ವಿರಳ. ಬರುವ ವರ್ಷ ಅಧಿಕೃತವಾದೀತು, ಅದರ ಮುಂದಿನ ವರ್ಷ ಖಂಡಿತ ಎಂಬ ಆಸೆಯ ಮೇಲೆ ಕಾಲ ತಳ್ಳುವುದೇ ಲೋಕದ ವಾಡಿಕೆ. ಆಸೆ ತೋರಿಸುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಇರುವ ಗೆರೆ ಮೈದಾನದ ಸುಣ್ಣದ ಗೆರೆಯಷ್ಟು ಬಿಳಿಯಾಗಿ ಕಾಣುವುದಿಲ್ಲ. ಕೊನೆಗೆ ತಂಡ ಎದ್ದು ನಿಂತಿತು, ಆದ್ದರಿಂದ ಹೇಳಿದ್ದೆಲ್ಲ ಸರಿ ಎಂದು ನಾವು ತೀರ್ಪು ಕೊಡಬಹುದು. 1967ರಲ್ಲೋ 1971ರಲ್ಲೋ ಊರು ಬಿಟ್ಟ ಆ ಹುಡುಗನ ಲೆಕ್ಕವೇ ಬೇರೆ. ಅವನಿಗೆ ದಕ್ಕಿದ್ದು ಆಟವೊಂದೇ. ಬಹುಶಃ ಅದೇ ಸಾಕು ಎನಿಸಿದವರು ಮಾತ್ರ ಉಳಿದುಕೊಂಡರು. ಉಳಿದವರಿಂದ ಮುಂದಿನವರು ಕಲಿತರು.

ಹವ್ಯಾಸಿ ತಂಡಕ್ಕೆ ಒಂದು ಗುಣವಿದೆ, ಅದನ್ನು ಮರೆಯಬಾರದು. ಅಲ್ಲಿಗೆ ಬರುವವನು ಹಣಕ್ಕಾಗಿ ಬರುವುದಿಲ್ಲ, ಹೆಸರಿಗಾಗಿ ಬರುವುದಿಲ್ಲ. ಅಂಥವನನ್ನು ಗದರಿಸಿ ಹಿಡಿದಿಡಲಾಗದು. ವಿದ್ಯಾರ್ಥಿವೇತನ ಕಿತ್ತುಕೊಳ್ಳುತ್ತೇನೆ ಎಂಬ ಬೆದರಿಕೆಗೆ ಅಲ್ಲಿ ಅರ್ಥವೇ ಇಲ್ಲ. ನಾಳೆ ಅವನು ಅಭ್ಯಾಸಕ್ಕೆ ಬರಬೇಕಾದರೆ ಇಂದಿನ ಅಭ್ಯಾಸದಲ್ಲಿ ಅವನಿಗೆ ಸಂತೋಷ ಸಿಕ್ಕಿರಬೇಕು. ಹೀಗೆ ಹತ್ತು ವರ್ಷ ಬರಿಗೈಯಲ್ಲಿ ಹುಡುಗರನ್ನು ಹಿಡಿದಿಟ್ಟುಕೊಳ್ಳಲು ಕಲಿತ ತರಬೇತುದಾರನ ಕೈಗೆ ಆಮೇಲೆ ವಿದ್ಯಾರ್ಥಿವೇತನವೂ ಮೈದಾನವೂ ಬಂದರೆ ಏನಾಗುತ್ತದೆ ಎಂಬುದೇ ಮುಂದಿನ ಕಥೆ.

1973ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯ ಕಾಲ್ಚೆಂಡಿಗೆ ಅಧಿಕೃತ ಸ್ಥಾನ ಕೊಟ್ಟಿತು. ಮರುವರ್ಷವೇ ತಂಡ ರಾಷ್ಟ್ರೀಯ ಪಂದ್ಯಾವಳಿಗೆ ಬಂದಿತು. 1976ರಲ್ಲಿ, ಮಾನ್ಯತೆ ದೊರೆತ ನಾಲ್ಕನೆಯ ಋತುವಿನಲ್ಲೇ, ಅಂತಿಮ ಪಂದ್ಯಕ್ಕೇ ಬಂದು ನಿಂತಿತು. ದೂರದಿಂದ ನೋಡಿದವರು ಮೂರು ವರ್ಷದ ಕೂಸು ಇಷ್ಟು ಬೇಗ ಓಡಿತಲ್ಲ ಎಂದು ಅಚ್ಚರಿಪಟ್ಟಿರಬೇಕು. ಕೂಸಿಗೆ ಆಗ ಹದಿಮೂರು ವರ್ಷ ಎಂಬುದನ್ನು ಬಲ್ಲವರು ಕೆಲವರೇ.

ಆ ಅಂತಿಮ ಪಂದ್ಯವನ್ನು ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾನಿಲಯದ ತಂಡ 1-0ಯಿಂದ ಗೆದ್ದಿತು. 1978ರಲ್ಲಿ ಇಂಡಿಯಾನಾ ಮತ್ತೆ ಅಂತಿಮಕ್ಕೆ ಬಂದಿತು. ಮತ್ತೆ ಸ್ಯಾನ್ ಫ್ರಾನ್ಸಿಸ್ಕೊ, ಮತ್ತೆ ಸೋಲು, 2-0. 1980ರಲ್ಲಿ ಮೂರನೆಯ ಸಲ, ಎದುರಾಳಿ ಅವರೇ, ಹೆಚ್ಚುವರಿ ಅವಧಿಯವರೆಗೆ ಜಗ್ಗಾಡಿ 4-3ರ ಸೋಲು. ಇದರಲ್ಲೊಂದು ವಿಚಿತ್ರವಿದೆ. 1978ರ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಪ್ರಶಸ್ತಿಯನ್ನು ಎನ್.ಸಿ.ಎ.ಎ. ಆಮೇಲೆ ರದ್ದುಪಡಿಸಿತು. ಹಾಗೆಂದು ಅದು ಎರಡನೆಯವರಿಗೆ ಬರಲಿಲ್ಲ. ಆ ವರ್ಷದ ಮನೆ ಖಾಲಿ. ದಾಖಲೆ ಎಂಬುದು ಆಡಿದ್ದನ್ನು ಬಿಡುವುದೂ ಉಂಟು, ಬರೆದದ್ದನ್ನು ಅಳಿಸುವುದೂ ಉಂಟು.

ಈ ಸೋಲುಗಳ ನಡುವೆ ತಂಡಕ್ಕೆ ಎಲ್ಲಿಂದ ಆಟಗಾರರು ಬಂದರು ಎಂದು ಕೇಳಬಹುದು. ಕೇರಿಯ ಬಲವಿಲ್ಲದ ತರಬೇತುದಾರ ದೂರ ದೂರಕ್ಕೆ ಕಣ್ಣು ಹಾಯಿಸಲೇಬೇಕು. 1978ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹರ್ಮನ್ ಪ್ರಶಸ್ತಿ ಪಡೆದ ಇಂಡಿಯಾನಾದ ಆಂಜೆಲೊ ಡಿಬರ್ನಾರ್ಡೊ ಹುಟ್ಟಿದ್ದು ಅರ್ಜೆಂಟೀನಾದಲ್ಲಿ. 1981ರಲ್ಲಿ ಅದೇ ಪ್ರಶಸ್ತಿ ಪಡೆದ ಆರ್ಮಾಂಡೊ ಬೆಟಾಂಕೋರ್ಟ್ ಹೊಂಡುರಾಸಿನವರು. ಮರುವರ್ಷ ಸ್ಪೇನಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ತಮ್ಮ ದೇಶದ ತಂಡದಲ್ಲಿದ್ದವರು. 1988 ಮತ್ತು 1990ರಲ್ಲಿ ಎರಡು ಸಲ ಅದನ್ನು ಪಡೆದ ಕೆನ್ ಸ್ನೋ ನೆರೆಯ ಇಲಿನಾಯ್ ರಾಜ್ಯದವರು. ಕಿಟಕಿ ತೆರೆದು ಕರೆಯಲಾಗದವನು ಊರೂರು ಸುತ್ತಿ ಮನೆಬಾಗಿಲು ತಟ್ಟಿದ ಫಲ ಇದು.

1982ರ ಡಿಸೆಂಬರಿನಲ್ಲಿ, ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ, ನಾಲ್ಕನೆಯ ಅಂತಿಮ ಪಂದ್ಯ. ಈ ಸಲ ಎದುರಾಳಿ ಡ್ಯೂಕ್. ನಿಗದಿಯ 90 ನಿಮಿಷ ಮುಗಿದಾಗ ಎರಡೂ ಕಡೆ ಒಂದೊಂದು ಗೋಲು. ಆಗಿನ ನಿಯಮದಲ್ಲಿ ಗೋಲಾಗುವವರೆಗೆ ಆಡಬೇಕು. ಒಂದು ಹೆಚ್ಚುವರಿ ಅವಧಿ, ಎರಡು, ಮೂರು, ನಾಲ್ಕು. ಕಾಲುಗಳು ಹಿಡಿದುಕೊಳ್ಳುತ್ತವೆ, ದಾಹ, ಓಡುವವನಿಗೂ ನಡೆಯುವವನಿಗೂ ವ್ಯತ್ಯಾಸ ಉಳಿಯುವುದಿಲ್ಲ. ಐದು, ಆರು, ಏಳು. ಎಂಟನೆಯ ಹೆಚ್ಚುವರಿ ಅವಧಿಯಲ್ಲಿ, 159 ನಿಮಿಷಗಳ ಆಟದ ಬಳಿಕ, ಗ್ರೆಗ್ ಥಾಂಪ್ಸನ್ ಎಂಬ ಆಟಗಾರ ಗೋಲು ಹೊಡೆದ. ಮೊದಲ ಗೋಲೂ ಅವನದೇ. ಇಂಡಿಯಾನಾ 2, ಡ್ಯೂಕ್ 1. ಮೂರು ಸಲ ಬಾಗಿಲ ಬಳಿ ಬಂದು ಹಿಂದಿರುಗಿದ ಯೇಗ್ಲಿಯವರು ಆ ಊರಿಗೆ ಬಂದು ಅಷ್ಟು ಹೊತ್ತಿಗೆ ಹತ್ತೊಂಬತ್ತು ವರ್ಷಗಳಾಗಿದ್ದವು. ಮುಂದಿನ ವರ್ಷ ಕೊಲಂಬಿಯಾದ ಎದುರು ಗೆಲುವು, 1988ರಲ್ಲಿ ಹೋವರ್ಡ್ ಎದುರು, 1998ರಲ್ಲಿ ಸ್ಟ್ಯಾನ್‌ಫರ್ಡ್, 1999ರಲ್ಲಿ ಸ್ಯಾಂಟಾ ಕ್ಲಾರಾ. ಗೆಲುವುಗಳ ವರ್ಣನೆ ಒಂದರಂತೆ ಇನ್ನೊಂದು, ಅದನ್ನು ಬೆಳೆಸುವುದಿಲ್ಲ.

ಇಲ್ಲಿ ಒಂದು ಕಾಕತಾಳೀಯವನ್ನು ಹೇಳದೆ ಇರಲಾರೆ. ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯ ತನ್ನ ಹತ್ತನೆಯ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದದ್ದು 1973ರಲ್ಲಿ, ಅಂದರೆ ಇಂಡಿಯಾನಾಕ್ಕೆ ಮಾನ್ಯತೆ ದೊರೆತ ವರ್ಷವೇ. ಆಮೇಲೆ ಅದಕ್ಕೆ ಹನ್ನೊಂದನೆಯದು ಬರಲಿಲ್ಲ. ದೇಶದ ಬೇರೆ ಬೇರೆ ಕಡೆ ಮಕ್ಕಳು ಆಟ ಕಲಿತರು, ಬೇರೆ ಕಾಲೇಜುಗಳು ಹೊರದೇಶಗಳಿಂದಲೂ ಆಟಗಾರರನ್ನು ಕರೆತಂದವು, ಕೇರಿಯ ಏಕಸ್ವಾಮ್ಯ ಮುಗಿಯಿತು. ತಾನಾಗಿ ಬೆಳೆ ಬರುವ ಹೊಲದಲ್ಲಿ ಗೊಬ್ಬರದ ಚಿಂತೆ ಯಾರಿಗೂ ಇರುವುದಿಲ್ಲ ಎನ್ನೋಣವೇ? ಅಷ್ಟು ಕಟುವಾಗಿ ಹೇಳಲು ನನಗೆ ಮನಸ್ಸಿಲ್ಲ. ಕೀಓ ಅವರಂಥವರು ದುಡಿದ ದುಡಿಮೆ ಕಡಮೆಯದಲ್ಲ. ಆದರೆ ಕಲ್ಲುನೆಲವನ್ನು ಒಡೆದವನಿಗೆ ಒಡೆಯುವ ಅಭ್ಯಾಸ ತಪ್ಪಲಿಲ್ಲ ಎಂಬುದಂತೂ ನಿಜ.

ಇಂದು ಅಲ್ಲಿ ಹೊಸದಾಗಿ ಗಂಡುಮಕ್ಕಳ ಕಾಲ್ಚೆಂಡು ತಂಡ ಕಟ್ಟಹೊರಟವನ ಪಾಡೇನು? ಇನ್ನೊಂದು ಬಗೆಯ ತೊಡಕು ಎದುರಾಗುತ್ತದೆ. 1972ರಲ್ಲಿ ಅಮೆರಿಕದಲ್ಲಿ ಒಂದು ಶಾಸನ ಬಂದಿತು. ಒಂಬತ್ತನೆಯ ಅಧ್ಯಾಯ, ಟೈಟಲ್ ನೈನ್, ಎಂದು ಅದಕ್ಕೆ ಹೆಸರು. ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆ ಗಂಡು ಹೆಣ್ಣೆಂದು ಭೇದ ಮಾಡಕೂಡದು ಎಂಬುದು ಅದರ ಸಾರ. ಕ್ರೀಡೆಗೂ ಅದು ಅನ್ವಯವಾಯಿತು. ಹೊಸದಾಗಿ ಗಂಡಸರ ತಂಡವೊಂದನ್ನು ಸೇರಿಸುವ ಮುನ್ನ ಹೆಂಗಸರಿಗೆ ಎಷ್ಟು ಅವಕಾಶವಿದೆ ಎಂದು ತೂಗಿ ನೋಡಬೇಕಾಯಿತು. ಈ ಶಾಸನವೇ ಗಂಡಸರ ಕಾಲ್ಚೆಂಡಿಗೆ ಕಂಟಕವಾಯಿತು ಎಂದು ಗೊಣಗುವವರುಂಟು. ನನಗೆ ಅದು ನ್ಯಾಯವೆನಿಸುವುದಿಲ್ಲ. ಕಂಕುಳಲ್ಲಿ ಚೆಂಡು ಹಿಡಿದು ಓಡುವ ಆ ಇನ್ನೊಂದು ಆಟಕ್ಕೆ ದೊಡ್ಡ ವಿಶ್ವವಿದ್ಯಾನಿಲಯಗಳು ಬಹುಕಾಲ 85 ಪೂರ್ಣ ವಿದ್ಯಾರ್ಥಿವೇತನಗಳನ್ನು ಕೊಡುತ್ತಿದ್ದವು. ಗಂಡಸರ ಕಾಲ್ಚೆಂಡಿಗೆ ಇದ್ದ ಮಿತಿ 9.9. ಪಂಕ್ತಿಯ ಮೊದಲಲ್ಲಿ ಕುಳಿತ ಒಬ್ಬ ಅಣ್ಣ ಹಂಡೆಯ ಅನ್ನವನ್ನೆಲ್ಲ ಉಂಡ ಮೇಲೆ, ತಂಗಿಗೆ ಒಂದು ಸೌಟು ಬಡಿಸಿದ್ದರಿಂದಲೇ ತಮ್ಮನಿಗೆ ಸಾಲದಾಯಿತು ಎಂದು ದೂರುವುದು ಎಂಥ ಮಾತು! ಬ್ಲೂಮಿಂಗ್ಟನ್ನಿನಲ್ಲಿಯೇ ಹೆಣ್ಣುಮಕ್ಕಳ ಅಧಿಕೃತ ಕಾಲ್ಚೆಂಡು ತಂಡ ಬಂದದ್ದು 1993ರಲ್ಲಿ, ಗಂಡಸರ ತಂಡಕ್ಕೆ ಮಾನ್ಯತೆ ಸಿಕ್ಕ ಇಪ್ಪತ್ತು ವರ್ಷಗಳ ನಂತರ.

ಆ 9.9ರ ಲೆಕ್ಕವನ್ನು ಸ್ವಲ್ಪ ನೋಡಬೇಕು. ಹತ್ತಕ್ಕೆ ಹತ್ತನೆಯ ಒಂದು ಪಾಲು ಕಡಮೆ. ಆ ಒಂಬತ್ತು ಹತ್ತಾಂಶದ ಆಟಗಾರ ಯಾರೋ ದೇವರೇ ಬಲ್ಲ. ಇಪ್ಪತ್ತೈದು ಮೂವತ್ತು ಹುಡುಗರ ತಂಡಕ್ಕೆ ಇದನ್ನು ಹಂಚಬೇಕು. ಗೋಲ್‌ಕೀಪರನಿಗೆ ಅರ್ಧ, ಮುಂಚೂಣಿಯವನಿಗೆ ಮುಕ್ಕಾಲು, ಮತ್ತೊಬ್ಬನಿಗೆ ಪುಸ್ತಕದ ಖರ್ಚು, ಕೆಲವರಿಗೆ ಬರಿಯ ಬೆನ್ನುತಟ್ಟುವಿಕೆ. ತಿಂಗಳ ಕೊನೆಯ ವಾರದಲ್ಲಿ ಅಕ್ಕಿಯ ಡಬ್ಬದ ತಳ ನೋಡುವ ಗೃಹಿಣಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. 2025ರಲ್ಲಿ ಈ ನಿಯಮ ಬದಲಾಯಿತು. ನ್ಯಾಯಾಲಯದ ಒಪ್ಪಂದವೊಂದನ್ನು ಒಪ್ಪಿಕೊಂಡ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿವೇತನದ ಮಿತಿಗೆ ಬದಲು ತಂಡದ ಸಂಖ್ಯೆಗೇ ಮಿತಿ ಬಂದಿತು, ಕಾಲ್ಚೆಂಡಿಗೆ 28. ಹಣವುಳ್ಳವರು ಇಪ್ಪತ್ತೆಂಟು ಜನಕ್ಕೂ ಕೊಡಬಹುದು. ಹೊಸ ತಂಡಗಳಿಗೆ ಇದರಿಂದ ಅನುಕೂಲವಾದೀತೆಂದು ನನಗೆ ತೋರುವುದಿಲ್ಲ.

ಸಿರಿವಂತರ ಕಥೆಯೇ ವಿಚಿತ್ರ. ದಕ್ಷಿಣ ರಾಜ್ಯಗಳ ಸೌತ್‌ಈಸ್ಟರ್ನ್ ಒಕ್ಕೂಟದಲ್ಲಿ ಹದಿನಾರು ದೊಡ್ಡ ವಿಶ್ವವಿದ್ಯಾನಿಲಯಗಳಿವೆ. ಹದಿನಾರರಲ್ಲೂ ಹೆಣ್ಣುಮಕ್ಕಳ ಕಾಲ್ಚೆಂಡು ತಂಡವಿದೆ. ಗಂಡುಮಕ್ಕಳದು ಇರುವುದು ಎರಡರಲ್ಲಿ, ಕೆಂಟಕಿ ಮತ್ತು ಸೌತ್ ಕರೊಲಿನಾದಲ್ಲಿ. ಹೊಸ ತಂಡಗಳು ಹುಟ್ಟುವುದು ಹೆಚ್ಚಾಗಿ ಸಣ್ಣ ಕಾಲೇಜುಗಳಲ್ಲಿ. ಅಲ್ಲಿ ಕಾರಣವೂ ಬೇರೆ. ವಿದ್ಯಾರ್ಥಿಗಳ ಸಂಖ್ಯೆ ಕುಗ್ಗುತ್ತಿರುವ ಕಾಲೇಜು, ಒಂದು ತಂಡ ಕಟ್ಟಿದರೆ ಶುಲ್ಕ ಕೊಡುವ ಮೂವತ್ತು ಹುಡುಗರಾದರೂ ಬಂದಾರು ಎಂದು ಎಣಿಸುತ್ತದೆ. ಮೂರನೆಯ ದರ್ಜೆಯ ಕಾಲೇಜುಗಳಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತೆಯೇ ಇಲ್ಲ. ಆದರೂ ಗಂಡಸರ ಕಾಲ್ಚೆಂಡಿನ ತಂಡಗಳು ಮೊದಲ ದರ್ಜೆಯಲ್ಲಿ ಇನ್ನೂರು ಚಿಲ್ಲರೆ ಇದ್ದರೆ, ಈ ಮೂರನೆಯದರಲ್ಲಿ ನಾನೂರಕ್ಕೂ ಹೆಚ್ಚು. ಅಂಥ ಕಡೆ ನೇಮಕವಾದ ತರಬೇತುದಾರನನ್ನು ಮೊದಲು ಕೇಳುವುದು ಎಷ್ಟು ಪಂದ್ಯ ಗೆಲ್ಲುತ್ತೀರಿ ಎಂದಲ್ಲ, ಎಷ್ಟು ತಲೆ ತರುತ್ತೀರಿ ಎಂದು. ಆಡಲು ಹನ್ನೊಂದು ಜನ ಸಾಕು. ಕಾಲೇಜಿನ ಆಯವ್ಯಯಕ್ಕೆ ಮೂವತ್ತು ಬೇಕು. ಉಳಿದ ಹತ್ತೊಂಬತ್ತು ಹುಡುಗರಿಗೆ ಅವನು ಏನು ಹೇಳಿ ಕರೆತಂದ, ಆಡಲು ಅವಕಾಶ ಸಿಗದ ಆ ಮಕ್ಕಳನ್ನು ನಾಲ್ಕು ವರ್ಷ ಹೇಗೆ ನಡೆಸಿಕೊಂಡ ಎಂಬುದನ್ನು ಬರೆಯಲು ಅವನ ದಾಖಲೆಯಲ್ಲೂ ಮನೆಯಿಲ್ಲ.

ಯೇಗ್ಲಿಯವರ ಕೊನೆಯ ಋತು 2003ರದು. ಅದು ತಮ್ಮ ಕೊನೆಯದೆಂದು ಅವರು ಮೊದಲೇ ಸಾರಿದ್ದರು. ಅಂತಿಮ ಪಂದ್ಯ ಓಹಿಯೊ ರಾಜ್ಯದ ಕೊಲಂಬಸ್ ನಗರದಲ್ಲಿ, ಡಿಸೆಂಬರಿನ ಕೊರೆಯುವ ಚಳಿಯಲ್ಲಿ ನಡೆಯಿತು. ಸೇಂಟ್ ಜಾನ್ಸ್ ತಂಡವನ್ನು 2-1ರಿಂದ ಸೋಲಿಸಿ ಆರನೆಯ ಪ್ರಶಸ್ತಿಯೊಡನೆ ಅವರು ಮೈದಾನದಿಂದ ಹೊರಬಂದರು. ಮರುವರ್ಷ ಅವರ ಜಾಗಕ್ಕೆ ಬಂದ ಮೈಕ್ ಫ್ರೈಟಾಗ್ ಅದೇ ತಂಡದೊಡನೆ ಮತ್ತೆ ಗೆದ್ದರು. 2012ರಲ್ಲಿ ಎಂಟನೆಯ ಪ್ರಶಸ್ತಿ ಬಂದಾಗ ತರಬೇತುದಾರರಾಗಿದ್ದವರು ಜೆರಿಯವರ ಮಗ, ಅದೇ ಮೈದಾನದಲ್ಲಿ ಆಡಿ ಬೆಳೆದ ಟಾಡ್ ಯೇಗ್ಲಿ.

ಆ ಮೈದಾನದ ವಿಷಯ ಹೇಳಿ ಮುಗಿಸುತ್ತೇನೆ. ಬ್ಲೂಮಿಂಗ್ಟನ್ನಿನಲ್ಲಿ 1981ರಲ್ಲಿ ತೆರೆದ ಬಿಲ್ ಆರ್ಮ್‌ಸ್ಟ್ರಾಂಗ್ ಕ್ರೀಡಾಂಗಣವೇ ತಂಡದ ಮನೆ. ಅದನ್ನು ಕಟ್ಟಿದ್ದು ಕಾಲ್ಚೆಂಡಿಗೊಂದಕ್ಕೇ ಅಲ್ಲ. ಆ ವಿಶ್ವವಿದ್ಯಾನಿಲಯದಲ್ಲಿ 1951ರಿಂದ ಪ್ರತಿ ವಸಂತದಲ್ಲೂ ವಿದ್ಯಾರ್ಥಿಗಳ ಸೈಕಲ್ ಪಂದ್ಯವೊಂದು ನಡೆದುಬಂದಿದೆ. ಅದರ ಸುತ್ತ ಹೆಣೆದ ಚಲನಚಿತ್ರವೊಂದು 1979ರಲ್ಲಿ ಹೆಸರು ಮಾಡಿತು. ಹುಲ್ಲಿನ ಮೈದಾನವನ್ನು ಸುತ್ತುವರಿದು ಇದ್ದಿಲ ಕಿಟ್ಟ ಹಾಸಿದ ಸೈಕಲ್ ದಾರಿ ಇದೆ. ಕಾಲ್ಚೆಂಡಿನವರು ಒಳಗೆ, ಸೈಕಲ್ಲಿನವರು ಹೊರಗೆ. ಒಬ್ಬರ ಋತು ಮುಗಿದ ಮೇಲೆ ಇನ್ನೊಬ್ಬರದು. ಎಂಟು ಪ್ರಶಸ್ತಿಗಳ ತಂಡ ಆಡುವುದು ಹೀಗೆ ಹಂಚಿಕೊಂಡ ಜಾಗದಲ್ಲಿ.